ಆ ಕಡೆಯ ಹಾಲು

ಮಗು ಏಳುವ ಹೊತ್ತಾಯಿತೆಂದು ಸುನಂದಮ್ಮನ ಮೈಗೆ ಮೊದಲೇ ತಿಳಿದುಬಿಡುತ್ತಿತ್ತು. ತೊಟ್ಟಿಲು ಇನ್ನೂ ಅಲುಗಿರುತ್ತಿರಲಿಲ್ಲ. ಆದರೂ ಒಲೆಯ ಮುಂದೆ ಕೂತವಳ ಬೆರಳ ತುದಿಗಳು ತಣ್ಣಗಾಗುತ್ತಿದ್ದವು, ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಎದೆ ಡವಗುಟ್ಟಲು ಶುರುವಾಗುತ್ತಿತ್ತು. ಹೋದ ತಿಂಗಳು ಇದೇ ಹೊತ್ತಿಗೆ ಇದೇ ಎದೆ ಭಾರವಾಗಿ, ಕುಪ್ಪಸ ತೊಯ್ದು, ಮಗು ಎದ್ದರೆ ಸಾಕಪ್ಪ ಅನ್ನಿಸುತ್ತಿತ್ತು. ಈಗ ಏಳದಿದ್ದರೆ ಸಾಕು ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ ಮರುಗಳಿಗೆಯೇ, ಏಳದೇ ಹೋದರೆ ಎಂಬ ಭಯಕ್ಕೆ ಎದ್ದು ಹೋಗಿ ತೊಟ್ಟಿಲಿಗೆ ಬಗ್ಗಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಉಸಿರು ಬೆರಳಿಗೆ ತಗಲುತ್ತಿತ್ತು. ಅದು ಬಿಸಿಯೋ ತನ್ನ ಬೆರಳೇ ತಣ್ಣಗೋ ಗೊತ್ತಾಗುತ್ತಿರಲಿಲ್ಲ.

ಹೊರಗೆ ತೊಟ್ಟಿಯಂಗಳದಲ್ಲಿ ಗೋಡೆ ಕಟ್ಟುವ ಅಂಕಯ್ಯ ಮಣ್ಣು ತುಳಿಯುತ್ತಿದ್ದ. ಹುಲ್ಲು ಬೆರೆಸಿದ ಹಸಿ ಮಣ್ಣಿನಿಂದ ಅವನ ಕಾಲು ಕಿತ್ತುಬರುವ ಸದ್ದು ಬೆಳಗಿನಿಂದ ಒಂದೇ ಸಮ ಕೇಳುತ್ತಿತ್ತು. ಮನೆಯ ನಡುವೆ ಗೋಡೆ ಏಳುತ್ತಿತ್ತು. ಅವಳ ಗಂಡ ನಿಂಗಯ್ಯನಿಗೂ ಅವನ ಅಣ್ಣ ಸಿದ್ದಯ್ಯನಿಗೂ ಪಾಲಾಗಿತ್ತು. ಕಾಲುವೆ ಬಯಲಿನ ಗದ್ದೆ, ಮೇಲಿನ ಬೆದ್ದಲು, ಎತ್ತು, ಕಡಾಯಿ, ಒನಕೆ, ಎಲ್ಲವನ್ನೂ ಊರಿನ ಹಿರಿಯರು ಜಗಲಿಯ ಮೇಲೆ ಕೂತು ಹಂಚಿಕೊಟ್ಟಿದ್ದರು. ಅತ್ತೆಯೂ ಪಾಲಾಗಿದ್ದಳು: ಒಂದು ತಿಂಗಳು ಈ ಕಡೆ ಊಟ, ಒಂದು ತಿಂಗಳು ಆ ಕಡೆ. ಹಳೆಯ ಅಡಿಗೆ ಮನೆ ಈ ಕಡೆಗೆ ಬಂದದ್ದರಿಂದ ಆ ಕಡೆಯವರು ಬೀದಿಗೆ ಹೊಸ ಬಾಗಿಲು ಒಡೆಸಿ, ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುತ್ತಿದ್ದರು. ಗೋಡೆ ಈಗ ಎದೆಯೆತ್ತರಕ್ಕೆ ಬಂದಿತ್ತು. ಕೂತರೆ ಆ ಕಡೆಯವರು ಕಾಣುತ್ತಿರಲಿಲ್ಲ, ನಿಂತರೆ ಕಾಣುತ್ತಿದ್ದರು. ಅದಕ್ಕೇ ಸುನಂದಮ್ಮ ಆದಷ್ಟು ಹೊತ್ತು ಕೂತೇ ಕೆಲಸ ಮಾಡುತ್ತಿದ್ದಳು.

ಬೆಳಿಗ್ಗೆ ಎದ್ದರೆ ಅವಳ ದವಡೆ ನೋಯುತ್ತಿತ್ತು. ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡಿರುತ್ತಾಳೆಂದು ಅತ್ತೆ ಹೇಳಿದ ಮೇಲೇ ಅವಳಿಗೆ ಗೊತ್ತಾದದ್ದು. ಮುದ್ದೆ ಗಂಟಲಿಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಸಾರು ಕುಡಿದು ತಳ್ಳಬೇಕಾಗುತ್ತಿತ್ತು. ಬಾಚಿದರೆ ಹಣಿಗೆಯ ತುಂಬ ಕೂದಲು ಬರುತ್ತಿತ್ತು. ಹಾಲು ಬರಲೆಂದು ಅತ್ತೆ ಸಬ್ಬಸಿಗೆ ಸೊಪ್ಪು ಬೇಯಿಸಿ ಹಾಕಿದಳು, ಬೆಳ್ಳುಳ್ಳಿ ಸುಟ್ಟು ಕೊಟ್ಟಳು, ಕೋಳಿ ಸಾರು ಮಾಡಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಯಾವುದೂ ನಾಟಲಿಲ್ಲ. ಬಂದು ನೋಡಿದ ಹೆಂಗಸರು ಅವಳ ಮುಖವನ್ನು ಬಿಟ್ಟು ನೇರವಾಗಿ ಎದೆಯನ್ನೇ ನೋಡಿ, ನಾಲಗೆ ಚಪ್ಪರಿಸಿ, ತಮ್ಮ ತಮ್ಮ ಮಕ್ಕಳಿಗೆ ಎಷ್ಟು ಹಾಲಿತ್ತೆಂದು ಹೇಳಿಕೊಂಡು ಹೋದರು. ಹಾಲನ್ನು ತಾನೇ ಎಲ್ಲೋ ಬೇಜವಾಬ್ದಾರಿಯಿಂದ ಬಿಟ್ಟು ಬಂದೆನೇನೋ ಎಂಬಂತೆ ಸುನಂದಮ್ಮ ಸೆರಗನ್ನು ಎಳೆದು ಎಳೆದು ಮುಚ್ಚಿಕೊಂಡಳು.

ಹಾಲು ಏಕೆ ಬತ್ತಿತೆಂದು ಅವಳಿಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದು ಅವಳು ನಂಬಿದ್ದಳು. ಅದು ಕಾಲುವೆ ಏರಿಯ ಮೇಲೆ, ಹೊಂಗೆ ಮರದ ಕೆಳಗೆ, ತಾನು ಆಡಿದ ಒಂದು ಮಾತು.

ರಾವಂದೂರಿನ ತವರಿನಿಂದ ಬಾಣಂತನ ಮುಗಿಸಿ ಬಂದು ಆಗಿನ್ನೂ ಸ್ವಲ್ಪ ದಿನವಾಗಿತ್ತು. ಆವತ್ತು ಗದ್ದೆಗೆ ಗಂಡನ ಊಟ ಕೊಟ್ಟು ಬಂದಾಗ ತೊಟ್ಟಿಲು ಬರಿದಾಗಿತ್ತು. ಮಗುವನ್ನು ನೋಡಿಕೊಳ್ಳುತ್ತೇನೆಂದಿದ್ದ ಅತ್ತೆ ಮನೆಯಲ್ಲಿರಲಿಲ್ಲ. ಕೊಟ್ಟಿಗೆ, ಹಿತ್ತಿಲು, ಬಾವಿಕಟ್ಟೆ ಎಲ್ಲ ನೋಡಿದಳು. ಬಾವಿಯೊಳಕ್ಕೂ ಬಗ್ಗಿ ನೋಡಿದಳು. ಆಗ ಕಾಲಿನಲ್ಲಿದ್ದ ನಡುಕ ಇವತ್ತಿಗೂ ಅವಳ ಕಾಲಿನಲ್ಲಿ ಉಳಿದುಬಿಟ್ಟಿದೆ. ಯಾರೋ ಕಾಲುವೆ ಕಡೆ ಕೈ ತೋರಿಸಿದರು. ಓಡಿದಳು. ಅಲ್ಲಿ ಓರಗಿತ್ತಿ ಚಾಮುಂಡಮ್ಮ ನೀರಿನ ಅಂಚಿನಲ್ಲಿ ಕಾಲು ಚಾಚಿ ಕೂತು, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು, ಅದರ ಬಟ್ಟೆ ಜಾಲಿಸುತ್ತಿದ್ದಳು. ಮಗು ಹೊಂಗೆ ಎಲೆಗಳನ್ನು ನೋಡುತ್ತ ಸುಮ್ಮನಿತ್ತು. "ಎದ್ದು ಅಳ್ತಿತ್ತು ಕಣೆ, ಬಟ್ಟೆ ಒದ್ದೆ ಮಾಡ್ಕಂಡಿತ್ತು, ಅಂಗೇ ಎತ್ಕಬಂದೆ" ಎಂದು ಚಾಮುಂಡಮ್ಮ ನಕ್ಕಳು. ಸುನಂದಮ್ಮನಿಗೆ ನಗು ಕಾಣಲಿಲ್ಲ, ನೀರು ಕಂಡಿತು. "ನಿನ್ ಕೂಸ್ನ ಮಣ್ಣಿಗಾಕಿದ್ದು ಸಾಲ್ದಾ? ನಂದ್ನೂ ಹಾಕ್ಬೇಕಾ?" ಅಂದಳು.

ಚಾಮುಂಡಮ್ಮನ ಮೊದಲ ಮಗು ಹೆಗ್ಗಡದೇವನಕೋಟೆ ಕಡೆಯ ಅವಳ ತವರಿನಲ್ಲಿ ಚಳಿಜ್ವರದಿಂದ ಸತ್ತಿತ್ತು. ತಮ್ಮನ ಮದುವೆಗೆಂದು, ಅತ್ತೆ ಬೇಡವೆಂದರೂ ಕೇಳದೆ ಹಸುಗೂಸನ್ನು ಎತ್ತಿಕೊಂಡು ಹೋಗಿದ್ದಳು. ಆಗಿನ ದಿನಗಳಲ್ಲಿ ಆ ಕಡೆ ಊರಿಗೆ ಊರೇ ಕಂಬಳಿ ಹೊದ್ದು ನಡುಗುತ್ತಿತ್ತು. ಇದು ಸುನಂದಮ್ಮ ಈ ಮನೆಗೆ ಬರುವ ಮುಂಚಿನ ಮಾತು. ಚಾಮುಂಡಮ್ಮನೇ ಒಂದು ದಿನ ಸೊಪ್ಪು ಬಿಡಿಸುತ್ತ ಅವಳಿಗೆ ಹೇಳಿದ್ದಳು, ಯಾರಿಗೂ ಹೇಳದಿದ್ದುದನ್ನೂ ಹೇಳಿದ್ದಳು: ಮಗು ಸತ್ತ ಮೇಲೂ ಎದೆಗೆ ಹಾಲು ಬರುತ್ತಲೇ ಇತ್ತೆಂದು, ಹಿತ್ತಿಲ ಬಾಳೆ ಬುಡದಲ್ಲಿ ಹಿಂಡಿ ಹಾಕುತ್ತಿದ್ದೆನೆಂದು. ಅಷ್ಟು ನಂಬಿ ಹೇಳಿದ್ದರಿಂದಲೇ ಎಲ್ಲಿ ಹೊಡೆದರೆ ತಾಗುತ್ತದೆಂದು ಸುನಂದಮ್ಮನ ನಾಲಗೆಗೆ ಗೊತ್ತಿತ್ತು. ತಾನು ಯೋಚಿಸಿ ಆಡಲಿಲ್ಲ, ಭಯ ಆಡಿಸಿತು ಎಂದು ಎಷ್ಟೋ ಸಲ ತನಗೇ ಹೇಳಿಕೊಂಡಿದ್ದಳು. ಆದರೆ ಭಯಕ್ಕೆ ಅಷ್ಟು ನೇರವಾದ ಗುರಿ ಎಲ್ಲಿಂದ ಬಂತು?

ಚಾಮುಂಡಮ್ಮ ಜಾಲಿಸುತ್ತಿದ್ದ ಬಟ್ಟೆಯನ್ನು ಹಿಂಡಿ ಕೊಡವಿದಳು. ಮಗುವಿನ ಕತ್ತಿನ ಕೆಳಗೆ ಕೈಯಿಟ್ಟು, ಜೋಪಾನವಾಗಿ, ತಲೆ ತೂಗಾಡದ ಹಾಗೆ ಎತ್ತಿ ಅವಳ ಕೈಗೆ ಕೊಟ್ಟಳು. ಆಮೇಲೆ ಏರಿಯ ಮೇಲೆ ಮನೆಯ ಕಡೆಗಲ್ಲ, ಗದ್ದೆಯ ಕಡೆಗೆ ನಡೆದುಹೋದಳು. ವಾರ ಕಳೆಯುವುದರೊಳಗೆ ಸಿದ್ದಯ್ಯ ಪಾಲು ಕೇಳಿದ.

ಕಾರಣ ಹೇಳಲಿಲ್ಲ. "ಆಗೋಗ್ಲಿ ನಿಂಗ. ಬ್ಯಾರೆ ಒಲೆ ಆದ್ರೆ ಎಲ್ಲಾರ್ಗೂ ನೆಮ್ದಿ" ಎಂದಷ್ಟೇ ಹೇಳಿದ. ನಿಂಗಯ್ಯ ಎಲ್ಲರ ಮುಂದೆ, "ಅತ್ಗೆ ಕಿವಿ ಊದವ್ಳೆ ಬುಡಣ್ಣ, ನಂಗೊತ್ತು" ಅಂದ. ಬಾಗಿಲ ಹಿಂದೆ ನಿಂತು ಸುನಂದಮ್ಮ ಕೇಳಿಸಿಕೊಂಡಳು. ಚಾಮುಂಡಮ್ಮ ಗಂಡನಿಗೆ ಎಲ್ಲ ಹೇಳಿದ್ದಾಳೆ, ಇವತ್ತಲ್ಲ ನಾಳೆ ಭಾವ ಜಗಲಿಯ ಮೇಲೆ ಆ ಮಾತನ್ನು ತೆಗೆಯುತ್ತಾರೆ ಎಂದು ಕಾದಳು. ಯಾರೂ ತೆಗೆಯಲಿಲ್ಲ. ಕಾಯುವುದು ನಿಲ್ಲಲಿಲ್ಲ. ಗೋಡೆಗೆ ಮೊದಲ ಗೂಟ ಹೊಡೆದು ಹಗ್ಗ ಹಿಡಿದ ದಿನ ಮಗು ಎದೆ ಚೀಪಿ ಚೀಪಿ ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಅತ್ತಿತು.

ಕೃಷ್ಣರಾಜನಗರದ ಡಾಕ್ಟರರ ಹತ್ತಿರ ಗಾಡಿ ಕಟ್ಟಿಕೊಂಡು ಹೋಗಿ ಬಂದದ್ದೂ ಆಗಿತ್ತು. ಅಲ್ಲಿ ಬೆಂಚಿನ ಮೇಲೆ ಯಾರೋ ಪೇಪರು ಹಿಡಿದು, ಕನ್ನಡದವರೆಲ್ಲ ಇನ್ನು ಒಂದೇ ರಾಜ್ಯದೊಳಗೆ ಬಂದರು ಎಂದು ಓದಿ ಹೇಳುತ್ತಿದ್ದರು. ಡಾಕ್ಟರು ನಡುವಯಸ್ಸಿನವರು, ಮೆಲ್ಲಗೆ ಮಾತಾಡುವವರು. ನಾಡಿ ಹಿಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ಮಗುವಿನ ಹೊಟ್ಟೆ ಒತ್ತಿದರು. "ಮೈಯಲ್ಲಿ ಏನೂ ಕಾಯಿಲೆ ಇಲ್ಲ. ನಿದ್ದೆ ಬರುತ್ತೇನಮ್ಮ? ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದೀಯಾ?"

"ಮನ್ಸಿಗೇನಿದ್ದದು ಬುದ್ಧಿ, ಹೊಟ್ಟೆಗೆ ಬಟ್ಟೆಗೆ ಕಮ್ಮಿ ಇಲ್ಲ" ಎಂದ ನಿಂಗಯ್ಯ.

"ನಾನು ಆಕೆಯನ್ನು ಕೇಳಿದೆ" ಎಂದರು ಡಾಕ್ಟರು.

ಸುನಂದಮ್ಮ ಅವರ ಅಂಗಿಯ ಜೇಬಿನ ಮೇಲಿದ್ದ ಮಸಿಯ ಕಲೆಯನ್ನು ನೋಡಿದಳು. ಬಾಯಿ ತೆರೆದರೆ ಆ ಒಂದೇ ಮಾತು ಹೊರಗೆ ಬರುತ್ತದೆ, ಬೇರೆ ಮಾತೇ ತನ್ನೊಳಗೆ ಉಳಿದಿಲ್ಲ ಅನ್ನಿಸಿತು. ಏನೂ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ನಿಂಗಯ್ಯನ ಕಡೆ ತಿರುಗಿದರು. "ಬೆದರಿದ ಹಸು ಹಾಲು ಇಳಿಸುತ್ತಾ? ನಿಮಗೇ ಗೊತ್ತು. ಇದೂ ಹಾಗೇ. ಹಾಲು ಇಲ್ಲದಿದ್ದರೂ ಮಗುವನ್ನು ಎದೆಗೆ ಹಿಡೀತಾ ಇರಲಿ. ಅಲ್ಲೀವರೆಗೆ ಇನ್ನೊಬ್ಬ ತಾಯಿ ಹಾಲು ಸಿಕ್ಕರೆ ಎಲ್ಲಕ್ಕಿಂತ ವಾಸಿ. ಮನೇಲಿ ಯಾರಾದರೂ ಇದ್ದಾರಾ?"

"ಯಾರೂ ಇಲ್ಲ ಬುದ್ಧಿ" ಎಂದ ನಿಂಗಯ್ಯ.

ಚಾಮುಂಡಮ್ಮನ ಎರಡನೆಯ ಮಗ ಇನ್ನೂ ಹಾಲು ಬಿಟ್ಟಿರಲಿಲ್ಲ. ನಿಂಗಯ್ಯನ ಸುಳ್ಳು ಕೋಣೆಯಲ್ಲಿ ನಿಂತೇ ಇತ್ತು, ಅದನ್ನು ಅಲ್ಲೇ ಬಿಟ್ಟು ಸುನಂದಮ್ಮ ಮಗುವನ್ನು ಸುತ್ತಿಕೊಂಡು ಎದ್ದಳು. ಹಿಂದಕ್ಕೆ ಬರುವಾಗ ಗಾಡಿಯಲ್ಲಿ ಅವನು, "ಹಸೂಗೂ ಹೆಂಗ್ಸಿಗೂ ಒಂದೇ ಔಸ್ದಿ ಹೇಳಾಕೆ ಅಷ್ಟು ದೂರ ಬರ್ಬೇಕಿತ್ತಾ" ಎಂದು ನಕ್ಕ. ಅವಳನ್ನು ನಗಿಸಲೆಂದೇ ಅಂದಿದ್ದ. ಆಮೇಲೆ ಎತ್ತಿನ ಬಾಲ ಮುಟ್ಟಿ, ದನಿ ಇಳಿಸಿ, "ಆ ಕಡೆ ಋಣ ಮಾತ್ರ ಬ್ಯಾಡ. ಮನೆ ಒಡ್ದೋಳ ಹಾಲು ನನ್ ಮಗೀಗೆ ಬ್ಯಾಡ" ಅಂದ. ರಸ್ತೆಯ ಎರಡೂ ಕಡೆ ಭತ್ತ ತೆನೆ ತೂಗಿಕೊಂಡಿತ್ತು. ತೆನೆಯ ಕಾಳನ್ನು ಹಿಸುಕಿದರೆ ಇನ್ನೂ ಹಾಲು ಬರುವ ಕಾಲ. ಅವಳು ಆ ಕಡೆ ನೋಡಲಿಲ್ಲ.

ತೊಟ್ಟಿಲು ಅಲುಗಿತು. ಮಗು ಎದ್ದಿತ್ತು.

ಮೊದಲಿನ ಹಾಗೆ ಅದು ಈಗ ಊರು ಕೇಳುವಂತೆ ಅಳುತ್ತಿರಲಿಲ್ಲ. ಸಣ್ಣಗೆ ಕೊರಗುತ್ತಿತ್ತು, ನಡುನಡುವೆ ಮರೆತು ನಿಲ್ಲಿಸುತ್ತಿತ್ತು. ಸುನಂದಮ್ಮ ಎತ್ತಿಕೊಂಡು ಕಂಬಕ್ಕೆ ಒರಗಿ ಎದೆಗೆ ಹಿಡಿದಳು. ಬಾಯಿ ಹತ್ತಿರ ಬಂತು, ತುಟಿ ತಗಲಿತು, ಆಮೇಲೆ ಮಗು ಮುಖ ತಿರುಗಿಸಿಕೊಂಡಿತು. ಚೀಪಿ ಸಿಗದೆ ಅತ್ತಿದ್ದರೆ ತಡೆಯಬಹುದಾಗಿತ್ತು. ಚೀಪಲೂ ಇಲ್ಲ. ಇಲ್ಲಿ ಏನೂ ಇಲ್ಲವೆಂದು ಅದಕ್ಕೆ ತಿಳಿದುಹೋಗಿತ್ತು. ಮೂರು ತಿಂಗಳು ತುಂಬದ ಕೂಸು ತನ್ನನ್ನು ಕೈಬಿಟ್ಟಿತೆಂದು ಅವಳಿಗೆ ಅನ್ನಿಸಿತು, ಹಾಗೆ ಅಂದುಕೊಳ್ಳುವುದು ನಾಚಿಕೆಗೇಡೆಂದೂ ಅನ್ನಿಸಿತು. ಒಳಲೆಯಲ್ಲಿ ಹಸುವಿನ ಹಾಲು ಹುಯ್ದು ಕುಡಿಸಿದಳು. ನಾಲ್ಕು ಗುಟುಕು ಹೋಯಿತು, ಐದನೆಯದರ ಜೊತೆ ಎಲ್ಲವೂ ಒಡೆದು ಮೊಸರಾಗಿ ಅವಳ ಮಡಿಲಿಗೆ ಬಂತು.

ಅತ್ತೆ ಬಂದು ಮಗುವಿನ ನೆತ್ತಿಯ ಮೇಲೆ ಅಂಗೈ ಇಟ್ಟಳು. ಕೈ ತೆಗೆಯದೆ, "ಕುಳಿ ಬಿದ್ದೈತೆ ಕಣೆ" ಅಂದಳು. "ನೋಡಿಲ್ಲಿ, ಬೆರ್ಳು ಇಟ್ರೆ ಒಳೀಕೋಯ್ತದೆ. ಇನ್ನೆಲ್ಡು ದಿನ ಇಂಗೇ ಆದ್ರೆ ಇದು ಉಳಿಯಾಕಿಲ್ಲ."

ಸುನಂದಮ್ಮ ಮಡಿಲಿಗೆ ಬಿದ್ದದ್ದನ್ನು ಸೆರಗಿನಿಂದ ಒರೆಸಿಕೊಂಡಳು.

"ಚಾಮುಂಡಿ ಎದೇಲಿ ಬೇಕಾದಷ್ಟು ಐತೆ. ನಿಂಗ ಬ್ಯಾಡ ಅಂತಾನೆ. ಗಂಡಸ್ರಿಗೇನು, ನೆತ್ತಿ ನೋಡ್ತಾರಾ? ನೀನೊಂದ್ಮಾತು ಕೇಳು. ನಾ ಕೇಳ್ದೆ ಆಗ್ಲೇ, ಅವ್ಳು ಏನಂದ್ಲು ಗೊತ್ತಾ? ಅವ್ಳೇ ಕೇಳ್ಲಿ ಅಂದ್ಲು. ಏನು ನಡೀತು ನಿಮ್ಮಿಬ್ರಿಗೂ?"

"ಏನಿಲ್ಲತ್ತೆ."

ಮುದುಕಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಸಿಡುಕಿ ಎದ್ದು ಹಿತ್ತಿಲಿಗೆ ಹೋದಳು.

ಅವ್ಳೇ ಕೇಳ್ಲಿ. ಕೇಳುವುದೆಂದರೆ ಆ ಏರಿಯ ಮೇಲೆ ತಿರುಗಿ ನಿಲ್ಲಬೇಕು. ಮಗುವನ್ನು ಭುಜಕ್ಕೆ ಹಾಕಿಕೊಂಡು ಸುನಂದಮ್ಮ ತೊಟ್ಟಿಯಲ್ಲಿ ಓಡಾಡಿದಳು. ನಿಂತದ್ದರಿಂದ ಆ ಕಡೆ ಕಂಡಿತು. ಚಾಮುಂಡಮ್ಮ ಬೆನ್ನು ಹಾಕಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಮಗು ಮತ್ತೆ ಕೊರಗಿತು. ಮೊರ ನಿಂತಿತು. ಇನ್ನೊಂದು ಸಲ ಕೊರಗಿದಾಗ ಚಾಮುಂಡಮ್ಮ ಮೊರ ಕೆಳಗಿಟ್ಟು ಎದ್ದು ಈ ಕಡೆ ತಿರುಗಿದಳು. ಅವಳ ಕುಪ್ಪಸದ ಎರಡೂ ಕಡೆ ಒದ್ದೆ ಹಬ್ಬುತ್ತಿತ್ತು. ಅವಳೂ ತಲೆ ಬಗ್ಗಿಸಿ ಅದನ್ನೇ ನೋಡಿಕೊಂಡಳು. ಸಿಟ್ಟು ಬಂದವಳ ಹಾಗೆ ಸೆರಗು ಎಳೆದು ಮುಚ್ಚಿದಳು. ಸೆರಗೂ ಒದ್ದೆಯಾಯಿತು.

"ಈ ಮೈಗೆ ಬುದ್ಧಿ ಇಲ್ಲ" ಅಂದಳು. ಯಾರಿಗೆಂದು ಅಂದಳೋ. ಒಳಗೆ ಹೋದಳು.

ತಾನು ಗೋಡೆಯ ಹತ್ತಿರಕ್ಕೆ ಹೋಗಿದ್ದೇನೆಂದು ಸುನಂದಮ್ಮನಿಗೆ ತಿಳಿದದ್ದು ಅಂಕಯ್ಯ ಮಾತಾಡಿದಾಗಲೇ. "ಹಸಿ ಮಣ್ಣು ಕಣವ್ವ, ಒರಗ್ಬ್ಯಾಡ. ಕುಸೀತದೆ" ಅಂದ. ಅಂದು, ಅವಳ ಮುಖ ನೋಡಿ, ಕೈಯಲ್ಲಿದ್ದ ಮಣ್ಣಿನ ಮುದ್ದೆಯನ್ನು ತಿರುಗಿಸುತ್ತ ಬೇರೆ ಕಡೆ ತಿರುಗಿದ. ಅವಳು ಹಿಂದಕ್ಕೆ ಬಂದಳು. ಪಡಸಾಲೆ ದಾಟಿದಳು, ಹೊಸ್ತಿಲು ದಾಟಿದಳು, ಬೀದಿಗೆ ಇಳಿದಳು.

ತಮ್ಮ ಮನೆಯದೇ ಗೋಡೆಯ ಉದ್ದಕ್ಕೂ ನಡೆಯಬೇಕಾಗಿತ್ತು. ಬಾವಿಯ ಹತ್ತಿರ ಹೆಂಗಸರು ಹಗ್ಗ ಹಿಡಿದು ನಿಂತುಬಿಟ್ಟರು. ಎದುರು ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಆ ಮನೆಯ ಮುದುಕಿ ಬಾಯಿ ಆಡಿಸುವುದನ್ನು ನಿಲ್ಲಿಸಿದಳು. ಎರಡು ಮನೆ ಆದ ಮೇಲೆ ಈ ಬಾಗಿಲಿನಿಂದ ಆ ಬಾಗಿಲಿಗೆ ಹೋದವರು ಯಾರೂ ಇರಲಿಲ್ಲ. ಸುನಂದಮ್ಮ ಯಾರ ಕಡೆಗೂ ನೋಡದೆ ನಡೆದಳು. ಬೇಡ ಅನ್ನಲಿ, ಬಾಗಿಲು ಹಾಕಲಿ, ಕೂದಲು ಹಿಡಿದು ಎಳೆಯಲಿ, ಊರೆಲ್ಲ ಕೇಳುವ ಹಾಗೆ ಆ ಮಾತನ್ನು ಹೇಳಲಿ ಎಂದುಕೊಂಡಳು. ಹಾಗೆ ಆದರೆ ಕಾಯುವುದಾದರೂ ಮುಗಿಯುತ್ತದೆ.

ಹೊಸ ಬಾಗಿಲಿಗೆ ಇನ್ನೂ ಕದ ಕೂರಿಸಿರಲಿಲ್ಲ. ಗೋಣಿ ಕಟ್ಟಿದ್ದರು. ಅದರ ಮುಂದೆ ನಿಂತು, "ಅಕ್ಕ" ಅಂದಳು. ದನಿ ಬರಲಿಲ್ಲ. ಇನ್ನೊಂದು ಸಲ ಅಂದಳು. ಗೋಣಿ ಸರಿಯಿತು. ಚಾಮುಂಡಮ್ಮ ಬೇರೆ ಸೀರೆ ಉಟ್ಟಿದ್ದಳು.

"ಕೂಸಿಗೆ ಹಾಲಿಲ್ಲ ಅಕ್ಕ" ಅಂದಳು ಸುನಂದಮ್ಮ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದಳು, ಬಂದದ್ದು ಇಷ್ಟೇ. "ಒಸಿ ಕುಡ್ಸು."

ಚಾಮುಂಡಮ್ಮ ಕೈ ಚಾಚಿದಳು. ಆವತ್ತು ಕೊಟ್ಟ ಹಾಗೆಯೇ ಇವತ್ತು ತೆಗೆದುಕೊಂಡಳು, ಕತ್ತಿನ ಕೆಳಗೆ ಕೈಯಿಟ್ಟು. ನೆತ್ತಿಯ ಮೇಲೆ ಅವಳ ಬೆರಳು ಒಂದು ಕ್ಷಣ ನಿಂತಿತು. ಒಳಗೆ ಹೋಗಿ ಒರಳಿನ ಪಕ್ಕದಲ್ಲಿ ಕೂತು ಎದೆಗೆ ಹಾಕಿಕೊಂಡಳು. ಮಗು ಮುಖ ತಿರುಗಿಸಿತು. ಚಾಮುಂಡಮ್ಮ ಅವಸರ ಮಾಡಲಿಲ್ಲ. ಒಂದು ತೊಟ್ಟು ಹಿಂಡಿ ಮಗುವಿನ ತುಟಿಗೆ ಬಿಟ್ಟಳು. ನಾಲಗೆ ಹೊರಗೆ ಬಂತು, ಒಳಗೆ ಹೋಯಿತು. ಇನ್ನೊಂದು ತೊಟ್ಟು. ಆಮೇಲೆ ಮಗು ಹಿಡಿದುಕೊಂಡಿತು. ಎಳೆದು, ನುಂಗಿ, ಉಸಿರಿಗೆ ಬಿಟ್ಟು, ಮತ್ತೆ ಎಳೆಯುವ ಸದ್ದು ಆ ಖಾಲಿ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿತು. ಒಂದು ಕೈ ಮೇಲೆ ಬಂದು ಚಾಮುಂಡಮ್ಮನ ತಾಳಿಯ ದಾರವನ್ನು ಹಿಡಿದುಕೊಂಡಿತು. ಬಾಗಿಲಲ್ಲೇ ನಿಂತಿದ್ದ ಸುನಂದಮ್ಮನಿಗೆ ಸಂತೋಷವಾಯಿತು, ಆ ಕೈಯನ್ನು ಬಿಡಿಸಿ ತನ್ನ ಕಡೆ ಎಳೆದುಕೊಳ್ಳಬೇಕೆನ್ನಿಸಿತು, ಎರಡೂ ಒಟ್ಟಿಗೇ ಆಯಿತು.

"ಅಕ್ಕ, ಆವತ್ತು ನಾನು..."

"ಈಗ ಮಾತಾಡ್ಬ್ಯಾಡ. ಕೂಸು ಬೆಚ್ತದೆ."

ಸ್ವಲ್ಪ ಹೊತ್ತಾದ ಮೇಲೆ, ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸುತ್ತ, ತಲೆಯೆತ್ತದೆ ಚಾಮುಂಡಮ್ಮನೇ ಹೇಳಿದಳು: "ನಾನೇನೂ ಮರ್ತಿಲ್ಲ ಸುನಂದ. ಮರೀತೀನಿ ಅಂತಾನೂ ಕಾಯ್ಬ್ಯಾಡ. ಇದ್ಕೆ ಅದೆಲ್ಲ ಗೊತ್ತಿಲ್ಲ, ಅದ್ಕೆ ಕೊಡ್ತಾ ಇವ್ನಿ."

ಹೊರಗೆ ಕೆಮ್ಮಿನ ಸದ್ದಾಯಿತು. ಗೋಣಿ ಸರಿಸಿ ಸಿದ್ದಯ್ಯ ಒಳಗೆ ಬಂದ. ಗದ್ದೆಯಿಂದ ಊಟಕ್ಕೆ ಬಂದಿದ್ದ, ಕಾಲಲ್ಲಿ ಕೆಸರಿತ್ತು. ಸುನಂದಮ್ಮ ಸೆರಗು ತಲೆಗೆಳೆದು ಗೋಡೆಗೆ ಸರಿದಳು. ಈಗ ಬಂತು ಎಂದುಕೊಂಡಳು. ಹಲ್ಲು ಕಚ್ಚಿಕೊಂಡಳು. ಸಿದ್ದಯ್ಯ ತನ್ನ ಹೆಂಡತಿಯ ಮಡಿಲಿನಲ್ಲಿದ್ದ ತಮ್ಮನ ಮಗುವನ್ನು ನೋಡಿದ. ಅವನ ಮುಖ ಮೆತ್ತಗಾಯಿತು.

"ಏನವ್ವ ಸುನಂದಮ್ಮ, ಒಳ್ಳೆ ಕೆಲ್ಸ ಮಾಡ್ದೆ ತಂದಿದ್ದು" ಎಂದ, ನೆಲ ನೋಡಿಕೊಂಡು, ಮೊದಲು ಒಂದೇ ಮನೆಯಲ್ಲಿದ್ದಾಗ ಮಾತಾಡಿಸುತ್ತಿದ್ದ ದನಿಯಲ್ಲೇ. "ನಿಂಗನ್ಗೂ ನಂಗೂ ಮಾತಿಲ್ದಿದ್ರೆ ಏನಾಯ್ತು. ನೀನು ಬತ್ತಾ ಇರು. ಇವ್ಳು ಬ್ಯಾರೆ ಒಲೆ ಬೇಕು ಅಂತ ಯಾಕೆ ಹಟ ಹಿಡುದ್ಲೋ, ಇವತ್ಗೂ ನಂಗ್ ಹೇಳಿಲ್ಲ. ನಿಂಗಾದ್ರೂ ಹೇಳಿದ್ದಾಳಾ?" ಉತ್ತರಕ್ಕೆ ಕಾಯದೆ, "ಆದ್ಮೇಲೆ ಕೂಗಮ್ಮಿ, ಜಗ್ಲಿ ಮೇಲಿರ್ತೀನಿ" ಎಂದು ಹೆಂಡತಿಗೆ ಹೇಳಿ ಹೊರಗೆ ಹೋದ.

ಸುನಂದಮ್ಮ ಹಾಗೇ ಗೋಡೆಗೆ ಒರಗಿ ಕೂತಳು. ಇಷ್ಟು ದಿನ ಯಾವುದಕ್ಕೆ ಕಾದಿದ್ದಳೋ, ಯಾವುದು ಬರುತ್ತದೆಂದು ಮೈಯೆಲ್ಲ ಬಿಗಿಹಿಡಿದುಕೊಂಡಿದ್ದಳೋ, ಅದು ಹೊರಟೇ ಇರಲಿಲ್ಲ. ಅವಳಿಗೆ ಹಗುರಾಗಬೇಕಾಗಿತ್ತು. ಆಗಲಿಲ್ಲ. ಕಲ್ಲು ಹೊತ್ತವಳನ್ನು ನಿಲ್ಲಿಸಿ, ನೀನು ಹೊತ್ತಿರುವುದು ಅರ್ಧ, ಇನ್ನರ್ಧ ಅವಳು ಹೊತ್ತಿದ್ದಾಳೆ ನೋಡು ಎಂದಂತೆ ಆಯಿತು.

"ಭಾವಂಗೆ ಹೇಳ್ಲೇ ಇಲ್ವಾ ಅಕ್ಕ?"

ಚಾಮುಂಡಮ್ಮ ಮಗುವಿನ ಮುಖ ನೋಡಿದಳು. ಮಗುವಿನ ಕುಡಿತ ನಿಧಾನವಾಗಿತ್ತು. ಕಣ್ಣು ಮುಚ್ಚುತ್ತಿತ್ತು.

"ಎಂಗ್ ಹೇಳ್ಲಿ? ಹೇಳ್ಬೇಕಂದ್ರೆ ಆ ಮಾತ್ನ ನನ್ ಬಾಯಲ್ಲೂ ಒಂದ್ಸಲ ಆಡ್ಬೇಕಲ್ಲ" ಅಂದಳು.

ಮಗು ನಿದ್ದೆ ಹೋಗಿತ್ತು. ಅದನ್ನು ಎತ್ತಿಕೊಂಡು ಸುನಂದಮ್ಮ ಬೀದಿಯಲ್ಲಿ ಹಿಂದಿರುಗುವಾಗ ಬಾವಿಯ ಹತ್ತಿರದವರು ಏನೋ ಕೇಳಿದರು. ಏನೋ ಹೇಳಿದಳು. ಹೆಗಲ ಮೇಲೆ ಮಗು ಭಾರವಾಗಿತ್ತು, ಹೊಟ್ಟೆ ತುಂಬಿದ ಮಗುವಿನ ಭಾರ. ಎಷ್ಟು ದಿನವಾಗಿತ್ತೋ ಅದು ಅಷ್ಟು ಭಾರವಾಗಿದ್ದು.

ನಿಂಗಯ್ಯ ಊಟಕ್ಕೆ ಕೂತಿದ್ದ. ಅತ್ತೆ ಬಡಿಸಿದ್ದಳು. ಎಲ್ಲಿ ಹೋಗಿದ್ದೆಯೆಂದು ಅವನು ಕೇಳುವ ಮೊದಲೇ, "ಅಕ್ಕನ ಮನೆಗೆ" ಎಂದಳು ಸುನಂದಮ್ಮ. ಅವನು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಬ್ಯಾಡ ಅಂದಿದ್ನಲ್ಲ. ಮನೆ ಒಡ್ದೋಳು ಅವ್ಳು."

"ಒಡ್ದೋಳು ಅವ್ಳಲ್ಲ."

ಮಗುವನ್ನು ತೊಟ್ಟಿಲಿಗೆ ಹಾಕಿದಳು. ತೊಟ್ಟಿಲ ಹಗ್ಗ ಹಿಡಿದುಕೊಂಡೇ ಹೇಳಿದಳು. ಗದ್ದೆಯಿಂದ ಬಂದದ್ದು, ಬಾವಿಗೆ ಬಗ್ಗಿ ನೋಡಿದ್ದು, ಏರಿಯ ಮೇಲೆ ಓಡಿದ್ದು, ನೀರು ಕಂಡು ಬೆಚ್ಚಿಬಿದ್ದದ್ದು, ಇಷ್ಟರವರೆಗೆ ಸುಲಭವಾಗಿ ಬಂತು. ಆಮೇಲೆ ನಿಂತಿತು. ಏನೋ ಒಂದು ಮಾತಂದೆ ಎಂದು ಮುಗಿಸಿಬಿಡಬಹುದಾಗಿತ್ತು. ಅವನೂ ಹೆಚ್ಚು ಕೇಳುತ್ತಿರಲಿಲ್ಲ. ಹಗ್ಗವನ್ನು ಬಿಗಿಯಾಗಿ ಹಿಡಿದು, ಅಂದದ್ದನ್ನು ಅಂದ ಹಾಗೆಯೇ, ಒಂದು ಅಕ್ಷರ ಬಿಡದೆ ಹೇಳಿದಳು. ಬಾಗಿಲ ಹತ್ತಿರ ಅತ್ತೆ ಕೂತುಬಿಟ್ಟಳು.

ನಿಂಗಯ್ಯ ತಟ್ಟೆಯನ್ನು ನೋಡುತ್ತಿದ್ದ. ಊರಿನ ಹಿರಿಯರ ಮುಂದೆ ತಾನು ಅತ್ತಿಗೆಯನ್ನು ಅಂದದ್ದು ಅವನಿಗೆ ನೆನಪಾಗಿರಬೇಕು. "ಅತ್ಗೆ ಏನಂದ್ಲು?" ಎಂದ.

"ಏನೂ ಅನ್ಲಿಲ್ಲ."

"ಇಂಥಾ ಮಾತು ನಿನ್ನೊಳ್ಗೆ ಎಲ್ಲಿತ್ತು?"

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವಳು ನಡುಗುತ್ತ ನಿಂತಿದ್ದಳು. ಈ ನಡುಕ ಮೊದಲಿನದರ ಹಾಗಿರಲಿಲ್ಲ. ಜ್ವರ ಬಿಟ್ಟ ಮೇಲೆ ಮೈ ಬೆವತು ಬರುವ ನಡುಕದ ಹಾಗಿತ್ತು. ಅತ್ತೆ ಒಂದು ಚೊಂಬು ನೀರು ತಂದಿಟ್ಟಳು. ಸಮಾಧಾನದ ಮಾತು ಯಾರೂ ಆಡಲಿಲ್ಲ, ಅವಳೂ ಬಯಸಲಿಲ್ಲ. ಆ ದಿನದಿಂದ ನಿಂಗಯ್ಯ ಅವಳೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ, ಮುಖ ಕೊಟ್ಟು ನೋಡುತ್ತಿರಲಿಲ್ಲ. ಆದರೆ ಕಾಲುವೆ ನೀರಿನ ತನ್ನ ಸರದಿಯಲ್ಲಿ ಅಣ್ಣನ ಗದ್ದೆಗೂ ತೂಬು ತೆರೆದು ಬಂದನೆಂದು ಅವಳಿಗೆ ಬೇರೆಯವರಿಂದ ತಿಳಿಯಿತು. ಆ ಕಡೆಯ ಹಾಲು ಬೇಡವೆಂದು ಮತ್ತೆ ಹೇಳಲಿಲ್ಲ.

ಗೋಡೆ ಸೂರಿನವರೆಗೂ ಎದ್ದಿತು. ಒಣಗಿತು. ಸಗಣಿ ಸಾರಿಸಿ ಸುಣ್ಣ ಬಳಿದರು. ಮಗುವನ್ನು ಎತ್ತಿಕೊಂಡು ಬೀದಿಗೆ ಇಳಿದು ಆ ಬಾಗಿಲಿಗೆ ಹೋಗುವುದು ಅವಳ ದಿನದ ಕೆಲಸಗಳಲ್ಲಿ ಒಂದಾಯಿತು. ಬಾವಿಯ ಹತ್ತಿರದವರು ನೋಡುವುದನ್ನು ಬಿಟ್ಟರು. ಚಾಮುಂಡಮ್ಮ ಬಹಳ ಮಾತಾಡುತ್ತಿರಲಿಲ್ಲ. ಹೋದ ಕೂಡಲೇ, "ಮೊದ್ಲು ನಿನ್ನೆದೇಗೆ ಹಿಡ್ದು ನೋಡ್ದ್ಯಾ?" ಎಂದು ಮಾತ್ರ ಕೇಳುತ್ತಿದ್ದಳು. ಹಿಡಿದು ನೋಡಿರುತ್ತಿದ್ದಳು. ಮಗು ಈಗ ಮುಖ ತಿರುಗಿಸುತ್ತಿರಲಿಲ್ಲ, ಹೊಟ್ಟೆ ತುಂಬಿರುವುದರಿಂದಲೋ ಏನೋ ಸುಮ್ಮನೆ ಆಟಕ್ಕೆಂಬಂತೆ ಚೀಪುತ್ತಿತ್ತು. ನೆತ್ತಿಯ ಕುಳಿ ತುಂಬಿಕೊಂಡಿತ್ತು. ಆ ಕಡೆ ಕೂತಾಗ ಕೆಲವು ಸಲ ಸುನಂದಮ್ಮ ಹುರುಳಿ ಕೇರಿಕೊಡುತ್ತಿದ್ದಳು, ಚಾಮುಂಡಮ್ಮನ ಮಗನ ಮೂಗು ಒರೆಸುತ್ತಿದ್ದಳು. ಇಬ್ಬರೂ ಏನಾದರೂ ಹಳೆಯದಕ್ಕೆ ನಗುವ ಹಂತಕ್ಕೆ ಬಂದು, ನೆನಪಾಗಿ, ನಿಲ್ಲಿಸುತ್ತಿದ್ದರು.

ಹಾಲು ತಿರುಗಿ ಯಾವ ದಿನ ಬಂತೆಂದು ಸುನಂದಮ್ಮ ಹೇಳಲಾರಳು. ಸುಗ್ಗಿ ಶುರುವಾಗಿತ್ತು. ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಬೆಳಗಿನ ಗಾಳಿ ಎದೆಗೆ ತಣ್ಣಗೆ ತಗಲಿತು. ನೀರು ಚಿಮ್ಮಿರಬೇಕೆಂದುಕೊಂಡಳು. ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಅವಳು ಎದ್ದು ಓಡಲಿಲ್ಲ, ಯಾರನ್ನೂ ಕೂಗಲಿಲ್ಲ. ಬೂದಿಯ ಕೈಯಲ್ಲೇ ಕೂತು, ಅದನ್ನು ಬೆದರಿಸಬಾರದೆನ್ನುವ ಹಾಗೆ, ಸದ್ದು ಮಾಡದೆ ಸ್ವಲ್ಪ ಹೊತ್ತು ಕಾದಳು. ಮೊದಲು ಒಂದೇ ಮಗ್ಗುಲಿಗೆ, ಆಮೇಲೆ ಎರಡಕ್ಕೂ ಬಂತು. ಮೊದಮೊದಲು ಸಾಲುತ್ತಿರಲಿಲ್ಲ. ಕೊನೆಗೆ ಒಂದು ದಿನ ಮಗು ಎರಡೂ ಕಡೆ ಕುಡಿದು, ತುಟಿಯ ಅಂಚಿನಿಂದ ಹಾಲು ಇಳಿಸಿಕೊಂಡು, ತೃಪ್ತಿಯಿಂದ ಅವಳ ಮುಖ ನೋಡಿತು. ಆ ದಿನ ಅವಳು ಆ ಕಡೆಗೆ ಹೋಗಲಿಲ್ಲ. ಇನ್ನು ಬೇಕಾಗಿಲ್ಲ, ಮನೆಯದೇ ಸಾಕು ಎಂದು ಅತ್ತೆಯೂ ಹೇಳಿದಳು. ನಿಂಗಯ್ಯ ಬಹಳ ದಿನಗಳ ಮೇಲೆ ತೊಟ್ಟಿಲ ಹತ್ತಿರ ನಿಂತು ಮಗುವಿನ ಕೆನ್ನೆ ಮುಟ್ಟಿದ.

ಮಧ್ಯಾಹ್ನ ಬೀದಿಯಿಂದ ದನಿ ಕೇಳಿತು. ಚಾಮುಂಡಮ್ಮ ತನ್ನ ಬಾಗಿಲಿನಲ್ಲಿ ನಿಂತು ಕೂಗುತ್ತಿದ್ದಳು. ಸುನಂದಮ್ಮ ಹೊಸ್ತಿಲಿಗೆ ಬಂದಳು. ಓರಗಿತ್ತಿ ಎರಡೂ ತೋಳು ಎದೆಗೆ ಕಟ್ಟಿಕೊಂಡು ನಿಂತಿದ್ದಳು, ಮುಖ ನೋವಿನಿಂದ ಕಿವಿಚಿಕೊಂಡಿತ್ತು.

"ಎಲ್ಲೇ ಕೂಸು? ಬೆಳಗ್ನಿಂದ ಕಾಯ್ತಾ ಇವ್ನಿ" ಅಂದಳು. "ಕಲ್ಲಾಗೋಗೈತೆ ಕಣೆ, ಮುಟ್ಟಾಕಾಗ್ತಿಲ್ಲ. ನನ್ ಮಗ ಈಗ ಬಾಯಾಕಾಕಿಲ್ಲ ಅಂತಾನೆ."

ಹಿಂಡಿ ಹಾಕಲು ಬಾಳೆ ಬುಡ ಅವಳ ಮನೆಯ ಹಿಂದೆಯೂ ಇತ್ತು. ಸುನಂದಮ್ಮನಿಗೆ ಅದು ನೆನಪಾಯಿತೆಂದು ಚಾಮುಂಡಮ್ಮನಿಗೂ ತಿಳಿಯಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

"ಬಂದೆ ಇರಕ್ಕ" ಅಂದಳು ಸುನಂದಮ್ಮ.

ಒಳಗೆ ಹೋದಳು. ಆಗತಾನೇ ಕುಡಿದು ಮಲಗಿದ್ದ ಮಗುವನ್ನು ತೊಟ್ಟಿಲಿನಿಂದ ಎತ್ತಿ, ಇದೇನೇ ಎಂದು ಕೇಳಿದ ಅತ್ತೆಯನ್ನು ದಾಟಿ, ಅದರ ಕೆನ್ನೆ ತಟ್ಟಿ ತಟ್ಟಿ ಎಬ್ಬಿಸುತ್ತ ಬೀದಿಗೆ ಇಳಿದಳು.